ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಸೇಲಂನಲ್ಲಿ ಮಾಟಗಾತಿಯರನ್ನು ಜೀವಂತ ಸುಟ್ಟರೆಂಬ ಮಾತು ಆಗಾಗ ಕೇಳಿಬರುತ್ತದೆ, ಅದು ನಿಜವಲ್ಲ. 1692ರಲ್ಲಿ ಮ್ಯಾಸಚೂಸೆಟ್ಸ್‌ನ ಆ ಪ್ಯೂರಿಟನ್ (ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಕ್ರೈಸ್ತರ) ವಸಾಹತಿನಲ್ಲಿ ಮಾಟದ ಆರೋಪದ ಮೇಲೆ ಐವರು ಗಂಡಸರೂ ಸೇರಿದಂತೆ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ವಿಚಾರಣೆಗೆ ಒಳಪಡಲು ಒಪ್ಪದ ಗೈಲ್ಸ್ ಕೋರಿ ಎಂಬ ವೃದ್ಧ ರೈತನನ್ನು ಮೈಮೇಲೆ ಕಲ್ಲು ಹೇರಿ ಕೊಂದರು. ಆರೋಪಿಯ ಛಾಯಾರೂಪ ತಮ್ಮನ್ನು ಪೀಡಿಸಿತೆಂದು ದೂರುದಾರರು ಹೇಳಿದ, ಬೇರೆ ಯಾರ ಕಣ್ಣಿಗೂ ಬೀಳದ ಸಂಗತಿಯನ್ನೇ ನ್ಯಾಯಾಲಯವು ಸಾಕ್ಷ್ಯವೆಂದು ಸ್ವೀಕರಿಸಿತು. ತಪ್ಪೊಪ್ಪಿಕೊಂಡವರು ಬದುಕುಳಿದು, ಸುಳ್ಳು ಹೇಳಲಾರೆವೆಂದವರೇ ನೇಣಿಗೆ ಹೋದದ್ದು, ನನ್ನ ದೃಷ್ಟಿಯಲ್ಲಿ, ಇಡೀ ಪ್ರಕರಣದ ಅತ್ಯಂತ ಘೋರ ಅಂಶ. ಅಕ್ಟೋಬರ್‌ನಲ್ಲಿ ಗವರ್ನರ್ ವಿಲಿಯಂ ಫಿಪ್ಸ್ ಆ ವಿಶೇಷ ನ್ಯಾಯಾಲಯವನ್ನು ವಿಸರ್ಜಿಸಿದರು. ನ್ಯಾಯಾಧೀಶರ ಪೈಕಿ ಸ್ಯಾಮ್ಯುಯೆಲ್ ಸೀವಾಲ್ 1697ರಲ್ಲಿ ಬಹಿರಂಗವಾಗಿ ಕ್ಷಮೆ ಕೋರಿದರು. ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟೌಟನ್ ಕೊನೆಯವರೆಗೂ ಕೋರಲಿಲ್ಲ.

ಇತಿ,
ಇತಿಹಾಸಾಸಕ್ತ ಓದುಗ