ಅತ್ತಿಗೆ ಮುಟ್ಟಿ ನೋಡಿದ ಕಾಲು

ಮುರಿದ ಕಾಲು ಅಲುಗದ ಹಾಗೆ ಕಟ್ಟಿದ್ದ ಸ್ಪ್ಲಿಂಟ್ ನಿನ್ನೆ ತೆಗೆದರು. ಎಕ್ಸ್‌ರೇಯಲ್ಲಿ ಮೂಳೆ ಕೂಡಿಕೊಂಡಿರುವುದು ಕಾಣಿಸಿತು. 14 ವಾರ ಆದಮೇಲೆ ಇವತ್ತು ಬೆಳಿಗ್ಗೆ ಎರಡೂ ಪಾದ ಫುಟ್‌ರೆಸ್ಟ್ ಮೇಲಿಟ್ಟು ವೀಲ್‌ಚೇರ್‌ನಲ್ಲಿ ಕೂತೆ. ಕೂತಮೇಲೆ ಮೊದಲು ಇದನ್ನೇ ಬರೆಯಬೇಕು ಅಂತ ಎಷ್ಟೋ ದಿನದಿಂದ ಅಂದುಕೊಂಡಿದ್ದೆ.

ನಾಲ್ಕು ವರ್ಷದ ಹಿಂದಿನ ಅಪಘಾತ, ಬೆನ್ನುಹುರಿಗೆ ಬಿದ್ದ ಪೆಟ್ಟು ಎಲ್ಲಾ ನಿಮಗೆ ಗೊತ್ತೇ ಇದೆ. ಮತ್ತೆ ಹೇಳುವುದಿಲ್ಲ. ಈ ಸಲ ಹಲವರು "ಬಿದ್ದೆಯಾ?" ಅಂತ ಕೇಳಿದಿರಿ. ಇಲ್ಲ, ಬೀಳಲಿಲ್ಲ. ಅಣ್ಣ ನನ್ನನ್ನು ಮಂಚದಿಂದ ಕುರ್ಚಿಗೆ ಕೂರಿಸುವಾಗ ಎಡಪಾದ ಫುಟ್‌ರೆಸ್ಟ್ ಹಿಂದೆ ಸಿಕ್ಕಿಕೊಂಡಿತು. ಮಂಡಿ ಸ್ವಲ್ಪ ತಿರುಚಿತು. ಅಷ್ಟೇ ಆಗಿದ್ದು. ಅಷ್ಟಕ್ಕೇ ತೊಡೆಮೂಳೆ ಮಂಡಿಯ ಮೇಲ್ಭಾಗದಲ್ಲಿ ಮುರಿದಿತ್ತು. ಎದೆಯಿಂದ ಕೆಳಗೆ ನನಗೆ ನೋವು ಗೊತ್ತಾಗುವುದಿಲ್ಲ ಅಲ್ವಾ, ಹಾಗಾಗಿ ಎರಡು ದಿನ ಮುರಿದ ಕಾಲಲ್ಲೇ ಎದ್ದು ಕೂತು ಕೆಲಸ ಮಾಡಿದ್ದೇನೆ.

ಮೂರನೇ ರಾತ್ರಿಯನ್ನು ನಿಧಾನವಾಗಿ ಹೇಳಬೇಕು. ಆ ರಾತ್ರಿ ನನ್ನ ಜೊತೆ ಇದ್ದವರು ನನ್ನ ಅತ್ತಿಗೆ.

ಅಣ್ಣ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ರಾತ್ರಿ ಒಂದು ಗಂಟೆ ಇರಬಹುದು, ತಲೆ ಸಿಡಿಯತೊಡಗಿತು. ಮುಖ, ಕುತ್ತಿಗೆ ಎಲ್ಲ ಬೆವರು. ಕೂಗಿದೆ. ಅತ್ತಿಗೆ ಬಂದವರೇ ನನ್ನನ್ನು ನೇರವಾಗಿ ಎತ್ತಿ ಕೂರಿಸಿದರು. ಬಟ್ಟೆ, ಬೆಲ್ಟ್ ಸಡಿಲ ಮಾಡಿದರು. ಮೂತ್ರದ ಟ್ಯೂಬ್ ಎಲ್ಲಾದರೂ ಮಡಚಿಕೊಂಡಿದೆಯಾ ಅಂತ ಬೆರಳಲ್ಲಿ ಸವರುತ್ತಾ ಹೋದರು. ಬಿಪಿ ನೋಡಿದರು. ಮಾಮೂಲಿಯಾಗಿ 100ರ ಹತ್ತಿರ ಇರುವ ನನ್ನ ಬಿಪಿ 168 ತೋರಿಸಿತು.

ಇದಕ್ಕೆ ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ಅನ್ನುತ್ತಾರೆ. ಬೆನ್ನುಹುರಿಗೆ ಎದೆಮಟ್ಟದಲ್ಲೋ ಅದಕ್ಕಿಂತ ಮೇಲೋ ಪೆಟ್ಟು ಬಿದ್ದವರಿಗೆ, ಸ್ಪರ್ಶ ಇಲ್ಲದ ಕಡೆ ಏನೋ ಕೆಟ್ಟಿದ್ದರೆ ದೇಹ ಹೀಗೆ ಕೂಗಿಕೊಳ್ಳುತ್ತದೆ. ಜಾಸ್ತಿ ಸಲ ಕಾರಣ ಮೂತ್ರಕೋಶವೋ ಮಲಬದ್ಧತೆಯೋ ಆಗಿರುತ್ತದೆ. ಆ ರಾತ್ರಿ ಟ್ಯೂಬ್ ಸರಿ ಇತ್ತು, ಚೀಲಕ್ಕೆ ಮೂತ್ರ ಹರಿಯುತ್ತಿತ್ತು. ಬಿಪಿ ಮಾತ್ರ ಇಳಿಯಲಿಲ್ಲ. ಅತ್ತಿಗೆ ಆಂಬುಲೆನ್ಸ್‌ಗೆ ಫೋನ್ ಮಾಡಿದರು. ಅದು ಬರುವಷ್ಟರಲ್ಲಿ ಹೊದಿಕೆ ಸರಿಸಿ, ಅಂಗೈ ತಿರುಗಿಸಿ, ಕೈಯ ಹಿಂಭಾಗದಿಂದ ನನ್ನ ಕಾಲುಗಳನ್ನು ಮೇಲಿನಿಂದ ಕೆಳಗೆ ಮುಟ್ಟುತ್ತಾ ಬಂದರು. ಎಡಮಂಡಿಯ ಹತ್ತಿರ ಕೈ ನಿಂತಿತು. ಬಲಮಂಡಿ ಮುಟ್ಟಿದರು. ಮತ್ತೆ ಎಡಗಡೆ ಬಂದರು. ಟೇಪ್ ತಂದು ಎರಡೂ ಅಳೆದರು. ಎಡಗಡೆ 4 ಸೆಂಟಿಮೀಟರ್ ಜಾಸ್ತಿ ಇತ್ತು.

"ಇದು ಮೂತ್ರದ್ದಲ್ಲ. ಈ ಕಾಲಲ್ಲೇ ಏನೋ ಆಗಿದೆ" ಅಂದರು.

ಆಸ್ಪತ್ರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು ಅಂತ ಮೊದಲು ಅದರ ಸ್ಕ್ಯಾನ್ ಮಾಡಿದರು. ಮಾಡಬೇಕಾದದ್ದೇ. ಕಾಲು ಊದಿ ಬಿಸಿಯಾಗಿದ್ದರೆ ಆ ಅಪಾಯವನ್ನು ಬಿಡುವಂತಿಲ್ಲ. ಹೆಪ್ಪು ಸಿಗಲಿಲ್ಲ. ಆಮೇಲೆ ಸೋಂಕು ಇರಬೇಕು, ಬೆಳಿಗ್ಗೆ ನೋಡೋಣ ಅಂದರು. ಬಿದ್ದಿಲ್ಲ, ನೋವಿಲ್ಲ, ಮತ್ತೆ ಎಕ್ಸ್‌ರೇ ಯಾಕೆ ಅಂತ ಅವರ ಲೆಕ್ಕ. ಅತ್ತಿಗೆ ಜಗಳ ಆಡಲಿಲ್ಲ, ಆದರೆ ಬಾಗಿಲ ಹತ್ತಿರದಿಂದ ಕದಲಲೂ ಇಲ್ಲ. "ಅವನಿಗೆ ನೋವು ಗೊತ್ತಾಗಲ್ಲ. ಅದಕ್ಕೇ ಕೇಳ್ತಿದ್ದೀನಿ, ಒಂದು ಎಕ್ಸ್‌ರೇ ತೆಗೀರಿ" ಅನ್ನುತ್ತಲೇ ಇದ್ದರು. ನಾಲ್ಕೂವರೆಗೆ ತೆಗೆದರು.

ಮುರಿದ ಮೂಳೆಯ ಚಿತ್ರ ನೋಡಿದಾಗ ನನಗೆ ಏನೂ ಅನ್ನಿಸಲಿಲ್ಲ. ಅದು ನನ್ನ ಕಾಲು ಅಂತಲೇ ಅನ್ನಿಸಲಿಲ್ಲ. ನಾಲ್ಕು ವರ್ಷದಲ್ಲಿ ಈ ಕಾಲುಗಳನ್ನು ನಾನು ಎಷ್ಟು ದೂರ ಇಟ್ಟುಬಿಟ್ಟಿದ್ದೆ ಅಂತ ಆಗ ಗೊತ್ತಾಯಿತು. ನಾನು ನೋಡದ ಕಾಲನ್ನು ಇನ್ನೊಬ್ಬರು ದಿನಾ ರಾತ್ರಿ ನೋಡುತ್ತಿದ್ದರು. ಯಾವ ಮಂಡಿ ಎಷ್ಟು ದಪ್ಪ, ಎಷ್ಟು ತಣ್ಣಗಿರುತ್ತದೆ ಅಂತ ಅವರ ಕೈಗೆ ಗೊತ್ತಿತ್ತು. ನಾನು ಅತ್ತುಬಿಟ್ಟೆ. ತುಂಬಾ ಹೊತ್ತು ಅಳುತ್ತಲೇ ಇದ್ದೆ. ಅತ್ತಿಗೆ ಸಮಾಧಾನದ ಮಾತು ಏನೂ ಹೇಳಲಿಲ್ಲ. ಕಾಲು ಅಲುಗದ ಹಾಗೆ ಎರಡೂ ಪಕ್ಕ ದಿಂಬು ಒತ್ತಿಟ್ಟು, ಕೈ ತೆಗೆಯದೆ, ಬೆಳಕು ಹರಿಯುವವರೆಗೆ ನಿಂತೇ ಇದ್ದರು.

ಅಣ್ಣನಿಗೂ ಒಂದು ಮಾತು. ಮರುದಿನ ನೀನು ಓಡಿಬಂದು "ನಾನೇ ಮುರಿದುಬಿಟ್ಟೆ ಕಣೋ" ಅಂದೆ. ವಾರಗಟ್ಟಲೆ ನನ್ನನ್ನು ಎತ್ತಲು ಹೆದರಿದೆ. ಇಲ್ಲ ಅಣ್ಣಾ. ಅದು ನಿನ್ನ ಕೈಯಿಂದ ಮುರಿದದ್ದಲ್ಲ. ಕಾಲು ಭಾರ ಹೊರುವುದು ನಿಂತ ಮೊದಲ ವಾರಗಳಲ್ಲೇ ಮೂಳೆ ಕರಗಲು ಶುರುವಾಗುತ್ತದೆ. ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುತ್ತಿರುತ್ತದೆ. ಮೊದಲ ಒಂದೆರಡು ವರ್ಷ ಈ ಸವೆತ ತುಂಬಾ ಜೋರು. ಎಲ್ಲಕ್ಕಿಂತ ಜಾಸ್ತಿ ಮಂಡಿಯ ಸುತ್ತ. ಅಲ್ಲಿ ಮೂಳೆಯ ಸಾಂದ್ರತೆ ಕೊನೆಗೆ ಅರ್ಧದ ಹತ್ತಿರಕ್ಕೆ ಇಳಿಯಬಹುದು. ಹಾಸಿಗೆಯಲ್ಲಿ ಮಗ್ಗುಲಾದರೂ ಮುರಿದವರಿದ್ದಾರೆ.

ಎರಡು ವರ್ಷದ ಹಿಂದೆ ನನ್ನ ಮೂಳೆಯ ಸ್ಕ್ಯಾನ್ ಆಗಿತ್ತು. ಬೆನ್ನಿನ ಮೂಳೆ ಚೆನ್ನಾಗಿದೆ ಅಂತ ರಿಪೋರ್ಟ್ ಬಂದು ಮನೆಯವರೆಲ್ಲ ಖುಷಿಪಟ್ಟಿದ್ದೆವು. ನಮ್ಮಂಥವರಲ್ಲಿ ಬೆನ್ನಿನ ಮೂಳೆ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ, ಕಾಲಿನದು ಹೋಗುತ್ತದೆ ಅಂತ ಯಾರೂ ಹೇಳಲಿಲ್ಲ. ಸೊಂಟದ ಜೊತೆಗೆ ಮಂಡಿಯ ಹತ್ತಿರವೂ ಅಳೆಯಬೇಕು ಅಂತ ಮೂಳೆ ಸಾಂದ್ರತೆ ಅಳೆಯುವ ತಜ್ಞರ ಅಂತರರಾಷ್ಟ್ರೀಯ ಸಂಘ 2019ರಲ್ಲೇ ಹೇಳಿದೆಯಂತೆ. ಇದನ್ನು ಓದುತ್ತಿರುವವರ ಮನೆಯಲ್ಲಿ ನನ್ನಂಥವರು ಇದ್ದರೆ ದಯವಿಟ್ಟು ಕೇಳಿ, ಮಂಡಿ ಅಳೆದಿದ್ದೀರಾ ಅಂತ. ಸುಮ್ನೆ ಕೇಳಿದರೆ ಸಾಲದು, ರಿಪೋರ್ಟ್‌ನಲ್ಲಿ ಎಲ್ಲಿಯ ಮೂಳೆ ಅಂತ ಬರೆದಿದೆ, ಓದಿ.

ಮೂಳೆ ಡಾಕ್ಟರ್, ಫಿಸಿಯೋಥೆರಪಿ ಮಾಡಿದವರು, ಸರದಿಯ ಮೇಲೆ ಬಂದು ಕೂತ ಗೆಳೆಯರು, ಮನೆಯಿಂದಲೇ ಕೆಲಸ ಮಾಡಲು ಬಿಟ್ಟ ಸಹೋದ್ಯೋಗಿಗಳು, ರಾತ್ರಿ ಫೋನ್ ಎತ್ತಿದ ಚಿಕ್ಕಮ್ಮ, ನಿಮಗೆಲ್ಲ ನನ್ನ ಮನಸಾರೆ ಧನ್ಯವಾದ.

ಸ್ಪ್ಲಿಂಟ್ ಇದ್ದಷ್ಟು ದಿನವೂ ಅತ್ತಿಗೆಗೆ ಬಿಡುವಿರಲಿಲ್ಲ. ಬಿಗಿಯಾದ ಪ್ಲಾಸ್ಟರ್ ಹಾಕಿದರೆ ಒಳಗೆ ಹುಣ್ಣಾದರೂ ನನಗೆ ತಿಳಿಯುವುದಿಲ್ಲ. ಅದಕ್ಕೆ ಮೆತ್ತೆ ಇಟ್ಟ, ಬಿಚ್ಚಬಹುದಾದ ಸ್ಪ್ಲಿಂಟ್ ಹಾಕಿದ್ದರು. ಅತ್ತಿಗೆ ದಿನಾ ಬಿಚ್ಚಿ, ಟಾರ್ಚ್ ಹಿಡಿದು, ಹಿಮ್ಮಡಿಯಿಂದ ತೊಡೆಯವರೆಗೆ ಚರ್ಮ ನೋಡುತ್ತಿದ್ದರು. 14 ವಾರದಲ್ಲಿ ಒಂದು ಕೆಂಪು ಗುರುತೂ ಉಳಿಯಲು ಬಿಡಲಿಲ್ಲ.

ಈಗ ವಿಟಮಿನ್ ಡಿ ಇದೆ, ಡ್ರಿಪ್‌ನಲ್ಲಿ ಕೊಡುವ ಮೂಳೆಯ ಔಷಧಿ ಶುರುವಾಗಿದೆ. ಕಳೆದುಹೋದ ಮೂಳೆ ಪೂರ್ತಿ ವಾಪಸ್ ಬರುತ್ತದೆ ಅಂತ ಯಾರೂ ಭರವಸೆ ಕೊಟ್ಟಿಲ್ಲ. ಕುರ್ಚಿಗೆ ಬರುವಾಗ ಮೊದಲು ಪಾದ ಎಲ್ಲಿದೆ ನೋಡುತ್ತೇವೆ, ಆಮೇಲೆ ಮೈ. ಅಣ್ಣ ಮತ್ತೆ ಎತ್ತುತ್ತಿದ್ದಾನೆ.

ಅತ್ತಿಗೆ, ಇವತ್ತು ಬೆಳಿಗ್ಗೆ ನೀವು ಏಳುವ ಮೊದಲು ನಾನೇ ಮುಟ್ಟಿ ನೋಡಿಕೊಂಡೆ, ನೀವು ಮಾಡುವ ಹಾಗೆ ಅಂಗೈ ತಿರುಗಿಸಿ. ಎರಡೂ ಮಂಡಿ ತಣ್ಣಗಿವೆ.