ಕೋಸ್ಟರಿಕಾದಲ್ಲಿ ಎಲ್ಲವನ್ನೂ ನೋಡಬೇಕಿಲ್ಲ

ಸಂಪಾದಕರೇ,

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದವರು ಅಲ್ಲಿಂದ ಮಧ್ಯ ಅಮೆರಿಕದ ಕೋಸ್ಟರಿಕಾ ದೇಶ ನೋಡಿ ಬರುವುದುಂಟು. ಅಂಥವರಿಗೆ ಒಂದು ಮಾತು. ಒಂದೇ ವಾರಕ್ಕೆ ಅರೆನಾಲ್, ಪೊವಾಸ್, ಇರಾಸು ಜ್ವಾಲಾಮುಖಿಗಳು, ಮಾಂಟೆವರ್ಡೆ ಕಾಡು ಎಲ್ಲವನ್ನೂ ತುರುಕಬೇಡಿ. ಬೆಟ್ಟದ ರಸ್ತೆಯಲ್ಲೇ ರಜೆ ಕಳೆದುಹೋಗುತ್ತದೆ.

ಅರೆನಾಲ್‌ನಲ್ಲಿ ಕೆಂಪು ಲಾವಾ ಕಾಣುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. 1968ರಲ್ಲಿ ಸಿಡಿದು ದಶಕಗಳ ಕಾಲ ಉಗುಳುತ್ತಿದ್ದ ಅದು 2010ರಿಂದ ಸುಮ್ಮನಾಗಿದೆ. ತುದಿಗೆ ಹತ್ತಲು ಬಿಡುವುದಿಲ್ಲ, ಆದರೆ ಬುಡದಲ್ಲಿ ಹಳೆಯ ಲಾವಾ ಹರಿದ ಜಾಗದಲ್ಲಿ ನಡೆಯಬಹುದು. ಬಿಸಿನೀರಿನ ಬುಗ್ಗೆಗಳೂ ಇವೆ. ಜ್ವಾಲಾಮುಖಿಯ ಬಾಯನ್ನೇ ನೋಡಬೇಕು ಅನ್ನುವವರು ಪೊವಾಸ್ ಅಥವಾ 3,432 ಮೀಟರ್ ಎತ್ತರದ ಇರಾಸುಗೆ ಹೋಗಲಿ, ಎರಡರಲ್ಲಿ ಒಂದು ಸಾಕು. ಪೊವಾಸ್‌ಗೆ ಮೊದಲೇ ಟಿಕೆಟ್ ಮಾಡಿಸಬೇಕು, ಬೆಟ್ಟ ಮುನಿದರೆ ಪಾರ್ಕನ್ನು ಮುಚ್ಚಿಬಿಡುತ್ತಾರೆ. ಬೆಳಿಗ್ಗೆ ಬೇಗ ಹೋಗಿ. ಹೊತ್ತೇರಿದರೆ ಮೋಡ ಕವಿಯುತ್ತದೆ.

ಉಳಿಸಿದ ಸಮಯವನ್ನೆಲ್ಲ ಮಾಂಟೆವರ್ಡೆಯ ಮೋಡದ ಕಾಡಿಗೆ ಕೊಡಿ. ಕೆರಿಬಿಯನ್ ಕಡೆಯ ಗಾಳಿ ಬೆಟ್ಟ ಏರುತ್ತಾ ತಂಪಾಗಿ ಮೋಡವಾಗುತ್ತದೆ, ಅದರ ತೇವದಲ್ಲೇ ಮರದ ತುಂಬಾ ಪಾಚಿ, ಜರೀಗಿಡ, ಆರ್ಕಿಡ್ ಬೆಳೆಯುತ್ತವೆ. ಮಂಜು ಕವಿದು ಏನೂ ಕಾಣಲಿಲ್ಲ ಅಂತ ಬೇಸರಪಟ್ಟುಕೊಳ್ಳುವವರಿದ್ದಾರೆ. ಆ ಮಂಜಿನಿಂದಲೇ ಅಲ್ವಾ ಆ ಕಾಡು ಇರುವುದು? ಓಡುತ್ತಾ ನೋಡುವ ಕಾಡಲ್ಲ ಅದು. ಎರಡು ರಾತ್ರಿಯಾದರೂ ಉಳಿಯಿರಿ, ಸ್ಥಳೀಯ ಗೈಡ್ ಜೊತೆ ನಡೆಯಿರಿ. ಮಾರ್ಚ್, ಏಪ್ರಿಲ್‌ನಲ್ಲಾದರೆ ಕ್ವೆಟ್ಸಾಲ್ ಹಕ್ಕಿ ಕಾಣಬಹುದು.

ನಿಮ್ಮ ಪ್ರವಾಸ ಪುಟದಲ್ಲೂ ಜಾಗಗಳ ಪಟ್ಟಿ ಕೊಡುವ ಬದಲು ಯಾವುದನ್ನು ಬಿಡಬಹುದು ಅಂತ ಬರೆಸಿ.

– ಒಬ್ಬ ಓದುಗ, ಮೈಸೂರು