ಗೆಳತಿಗೊಂದು ಪತ್ರ: ಗಿರಕಿ ಲಂಗದ ಕೊನೆಯ ಎಂಟು ಸೆಂಟಿಮೀಟರು

ಹೊಸಪೇಟೆ

ಪ್ರೀತಿಯ ಗೆಳತಿಗೆ,

ಇತ್ತ ನಾವೆಲ್ಲರೂ ಕ್ಷೇಮ. ನಿನ್ನ ಪತ್ರ ಮೊನ್ನೆ ಕೈಸೇರಿತು. ಅವಳಿ ಮೊಮ್ಮಕ್ಕಳಿಬ್ಬರಿಗೂ ನಾಲ್ಕು ತುಂಬುವ ಹೊತ್ತಿಗೆ ನಿನ್ನ ಕೈಯಾರೆ ಹೆಣೆದ ಬಣ್ಣದ ಲಂಗ ತೊಡಿಸಬೇಕೆಂದು ಮನಸ್ಸು ಮಾಡಿರುವೆಯೆಂದು ಓದಿ ತುಂಬಾ ಸಂತೋಷವಾಯಿತು. ಮಗಳ ಮಕ್ಕಳಿಬ್ಬರಿಗೆ ಮತ್ತು ತಮ್ಮನ ಮೊಮ್ಮಗಳಿಗೆಂದು ಕಳೆದ ಮೂರು ವರ್ಷಗಳಲ್ಲಿ ನಾನು ಇಂಥ ಐದು ಲಂಗಗಳನ್ನು ಹೆಣೆದಿದ್ದೇನೆ. ಅವುಗಳಲ್ಲಿ ಮೊದಲನೆಯದು ಸೋತಿತು, ಉಳಿದ ನಾಲ್ಕು ಗೆದ್ದವು. ಸೋತದ್ದರಿಂದ ಕಲಿತದ್ದೇ ಹೆಚ್ಚಾದ್ದರಿಂದ ಮೊದಲು ಅದರ ಕಥೆಯನ್ನೇ ಹೇಳುತ್ತೇನೆ.

ಆ ಲಂಗವನ್ನು ಮಗಳ ಹಿರಿಯ ಮಗುವಿಗೆ ನಾಲ್ಕು ವರ್ಷವಾಗಿದ್ದಾಗ ಹೆಣೆದೆ. ಗೋಡೆಯ ಮೊಳೆಗೆ ನೇತುಹಾಕಿದಾಗ ಅದು ಬಲು ಚೆಂದ ಕಾಣುತ್ತಿತ್ತು. ಮನೆಗೆ ಬಂದವರೆಲ್ಲ ಮುಟ್ಟಿ ನೋಡಿ ಹೊಗಳಿದರು. ಮಗು ಅದನ್ನು ತೊಟ್ಟು ನಡುಮನೆಯಲ್ಲಿ ನಿಂತು, ಎರಡೂ ಕೈಗಳನ್ನು ಚಾಚಿ ಒಂದು ಗಿರಕಿ ಹೊಡೆಯಿತು. ನಿಂತು, ತಲೆ ಬಗ್ಗಿಸಿ ತನ್ನ ಮೊಣಕಾಲಿನ ಕಡೆ ನೋಡಿಕೊಂಡಿತು. ಇನ್ನೊಮ್ಮೆ, ಮೊದಲಿಗಿಂತ ಜೋರಾಗಿ ತಿರುಗಿ ಮತ್ತೆ ಬಗ್ಗಿ ನೋಡಿತು. ಲಂಗ ಕಾಲಿಗಂಟಿಕೊಂಡೇ ಇತ್ತು. ಮಗು ಏನೂ ಹೇಳಲಿಲ್ಲ; ಒಳಗೆ ಹೋಗಿ ಅಂಗಡಿಯಲ್ಲಿ ಕೊಂಡ ಹಳೆಯ ಸಿಂಥೆಟಿಕ್ ಫ್ರಾಕನ್ನು ಹಾಕಿಕೊಂಡು ಬಂದು ಅದರಲ್ಲಿಯೇ ಗಿರಗಿರನೆ ತಿರುಗಿತು. ಆ ವಯಸ್ಸಿನ ಹೆಣ್ಣುಮಗುವಿಗೆ ಲಂಗವೆಂದರೆ ನೋಡುವ ವಸ್ತುವಲ್ಲ, ತಿರುಗುವ ವಸ್ತು ಎಂಬುದು ನನಗೆ ಆ ಮಧ್ಯಾಹ್ನ ಮನದಟ್ಟಾಯಿತು.

ಆ ರಾತ್ರಿಯೇ ಕಾಗದ ಪೆನ್ಸಿಲು ಹಿಡಿದು ಕುಳಿತೆ. ಮೂವತ್ತು ವರ್ಷ ಮಕ್ಕಳಿಗೆ ವೃತ್ತದ ಪರಿಧಿಯನ್ನು ಕಲಿಸಿದ ನಾನು ಅದನ್ನು ನನ್ನ ಮಡಿಲಿನಲ್ಲಿದ್ದ ಹೆಣಿಗೆಗೆ ಅನ್ವಯಿಸಿರಲಿಲ್ಲ. ಮಗುವಿನ ಸೊಂಟ ಸುಮಾರು 51 ಸೆಂ.ಮೀ. ಎಂದಿಟ್ಟುಕೋ. ಇದು ಒಳಗಿನ ವೃತ್ತದ ಪರಿಧಿ. ಇದನ್ನು 22/7ರ ಎರಡರಷ್ಟರಿಂದ ಭಾಗಿಸಿದರೆ ತ್ರಿಜ್ಯ ಸುಮಾರು 8 ಸೆಂ.ಮೀ. ಬರುತ್ತದೆ. ಲಂಗದ ಉದ್ದ 25 ಸೆಂ.ಮೀ. ಆದರೆ ಹೊರಗಿನ ತ್ರಿಜ್ಯ 33. ಲಂಗವನ್ನು ನೆಲದ ಮೇಲೆ ಹಾಸಿದಾಗ ಅದು ರೊಟ್ಟಿಯಂತೆ ಸಮವಾಗಿ ಮಲಗಬೇಕಾದರೆ ಅಂಚಿನ ಸುತ್ತಳತೆ ಸುಮಾರು 208 ಸೆಂ.ಮೀ. ಇರಬೇಕು, ಅಂದರೆ ಸೊಂಟದ ನಾಲ್ಕರಷ್ಟು. ನನ್ನ ಮೊದಲ ಲಂಗದ ಅಂಚು ಅಷ್ಟಿರಲಿಲ್ಲ.

ಈಗ ಕುಣಿಕೆಗಳ ಲೆಕ್ಕಕ್ಕೆ ಬರುತ್ತೇನೆ. ಎಂಟೆಳೆಯ ಹತ್ತಿ ನೂಲು ಮತ್ತು 8 ನಂಬರಿನ, ಅಂದರೆ 4 ಮಿ.ಮೀ. ದಪ್ಪದ ಕಡ್ಡಿಯಲ್ಲಿ ನನ್ನ ಕೈಗೆ 10 ಸೆಂ.ಮೀ. ಅಗಲಕ್ಕೆ 22 ಕುಣಿಕೆ, 10 ಸೆಂ.ಮೀ. ಎತ್ತರಕ್ಕೆ 30 ಸುತ್ತು ಬರುತ್ತವೆ. ನಿನ್ನ ಕೈ ನನಗಿಂತ ಬಿಗಿ ಎಂಬುದು ಹಾಸ್ಟೆಲಿನ ದಿನಗಳಿಂದ ನನಗೆ ಗೊತ್ತಿರುವುದರಿಂದ, ಅಂಗೈಯಗಲದ ಒಂದು ತುಂಡನ್ನು ಮೊದಲು ಹೆಣೆದು ತೊಳೆದು ಒಣಗಿಸಿ ಎಣಿಸಿದ ಮೇಲೆಯೇ ಲಂಗಕ್ಕೆ ಕೈಹಾಕು. ನಾನು ಸೊಂಟಕ್ಕೆ 112 ಕುಣಿಕೆ ಹಾಕಿಕೊಂಡು, ತಂತಿ ಸೇರಿಸಿದ ಜೋಡಿಕಡ್ಡಿಯಲ್ಲಿ ಮೇಲಿನಿಂದ ಕೆಳಕ್ಕೆ ಸುತ್ತು ಸುತ್ತಾಗಿ ಹೆಣೆಯುತ್ತೇನೆ. ಆ 112ನ್ನು ಏಳೇಳು ಕುಣಿಕೆಗಳ ಹದಿನಾರು ಪಾಲು ಮಾಡಿ, ಒಂದೊಂದು ಪಾಲಿನ ಗಡಿಗೂ ಬೇರೆ ಬಣ್ಣದ ದಾರದ ಗುರುತು ಕಟ್ಟಿ, ಹೆಚ್ಚಿಸುವ ಸುತ್ತಿನಲ್ಲಿ ಪ್ರತಿ ಗುರುತಿನ ಬಳಿ ಒಂದು ಕುಣಿಕೆ ಹೆಚ್ಚಿಸಿದರೆ ಆ ಒಂದು ಸುತ್ತಿನಲ್ಲಿ ಹದಿನಾರು ಕುಣಿಕೆ ಹೆಚ್ಚುತ್ತವೆ. ಮೊದಲ ಲಂಗದಲ್ಲಿ ನಾನು ನಾಲ್ಕು ಸುತ್ತಿಗೊಮ್ಮೆ ಹೆಚ್ಚಿಸಿದ್ದೆ. ಆದ್ದರಿಂದ 75 ಸುತ್ತು ಮುಗಿದಾಗ ಕಡ್ಡಿಯ ಮೇಲೆ 400 ಕುಣಿಕೆಗಳಿದ್ದು ಅಂಚು 182 ಸೆಂ.ಮೀ.ಗೆ ನಿಂತಿತ್ತು. ಅದು ಗಂಟೆಯ ಆಕಾರ; ತೂಗಾಡುತ್ತದೆಯೇ ಹೊರತು ಅರಳುವುದಿಲ್ಲ. ಎರಡನೆಯ ಲಂಗದಲ್ಲಿ ಮೂರು ಸುತ್ತಿಗೊಮ್ಮೆ ಹೆಚ್ಚಿಸಿದೆ. ಆಗ 512 ಕುಣಿಕೆ, ಸುಮಾರು 233 ಸೆಂ.ಮೀ. ಅಂಚು ಸಿಕ್ಕಿತು. ಪೂರ್ಣ ವೃತ್ತಕ್ಕಿಂತ ಇದು ತುಸು ಹೆಚ್ಚೇ ಆದ್ದರಿಂದ ನಿಂತಾಗ ಅಂಚು ಅಲೆಯಲೆಯಾಗಿ ಬೀಳುತ್ತದೆ, ತಿರುಗಿದಾಗ ಆ ಅಲೆಗಳೆಲ್ಲ ಬಿಚ್ಚಿಕೊಂಡು ತಟ್ಟೆಯಂತೆ ಹರಡಿಕೊಳ್ಳುತ್ತವೆ.

ನಿನಗೆ ಮುಖ್ಯವಾಗಿ ಹೇಳಬೇಕಾದ ಮಾತು ಇಲ್ಲಿದೆ. ಆ 75 ಸುತ್ತುಗಳಲ್ಲಿ ಒಟ್ಟು ಸುಮಾರು 23,400 ಕುಣಿಕೆಗಳಿರುತ್ತವೆ. ಅವುಗಳಲ್ಲಿ 10,700ಕ್ಕೂ ಹೆಚ್ಚು ಇರುವುದು ಕೊನೆಯ 24 ಸುತ್ತುಗಳಲ್ಲಿ, ಅಂದರೆ ಅಂಚಿನ ಎಂಟು ಸೆಂಟಿಮೀಟರಿನಲ್ಲಿ. ಮೊದಮೊದಲು ಒಂದು ಸುತ್ತು ಮುಗಿಸಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಸಾಕು. ಕೊನೆಕೊನೆಗೆ ಅದೇ ಒಂದು ಸುತ್ತು ಅರ್ಧ ಗಂಟೆಯನ್ನು ನುಂಗುತ್ತದೆ. ಎರಡು ದಿನ ಹೆಣೆದರೂ ಉದ್ದ ಒಂದು ಬೆರಳಗಲವೂ ಹೆಚ್ಚಿದಂತೆ ಕಾಣುವುದಿಲ್ಲ. ಮಗುವಿನ ಹುಟ್ಟುಹಬ್ಬ ಹತ್ತಿರ ಬಂದಿರುತ್ತದೆ, ಹೆಬ್ಬೆರಳು ನೋಯುತ್ತಿರುತ್ತದೆ, ಇಷ್ಟುದ್ದ ಸಾಕೆಂದು ಮನಸ್ಸು ಹೇಳುತ್ತಿರುತ್ತದೆ. ನಮ್ಮಂಥವರೆಲ್ಲ ಕೈಬಿಡುವುದು ಅಲ್ಲಿಯೇ. ಆದರೆ ಲಂಗ ಅರಳುವುದೂ ಆ ಎಂಟು ಸೆಂಟಿಮೀಟರಿನಲ್ಲಿಯೇ. ಅಲ್ಲಿ ಹೆಚ್ಚಿಸುವ ಸುತ್ತನ್ನು ತಪ್ಪಿಸಬೇಡ, ಸುತ್ತುಗಳನ್ನು ಕಡಿಮೆ ಮಾಡಬೇಡ. ದಿನ ಸಾಲದಿದ್ದರೆ ಉಡುಗೊರೆ ಒಂದು ವಾರ ತಡವಾಗಲಿ.

ಹೆಣಿಗೆ ಬಿಚ್ಚಿಹೋಗದಂತೆ ಕೊನೆಯ ಸುತ್ತಿನ ಕುಣಿಕೆಗಳನ್ನು ಕಡ್ಡಿಯಿಂದ ಇಳಿಸಿ ಅಂಚನ್ನು ಮುಚ್ಚುವ ರೀತಿಯೂ ಅಷ್ಟೇ ಮುಖ್ಯ. ನಾನು ಮೊದಲ ಸಲ ಸ್ವೆಟರಿನ ಕೊರಳನ್ನು ಮುಚ್ಚುವಂತೆ ಬಿಗಿಯಾಗಿ ಮುಚ್ಚಿದ್ದರಿಂದ ಇದ್ದ 182 ಸೆಂಟಿಮೀಟರೂ ಒಳಕ್ಕೆ ಎಳೆದುಕೊಂಡು ಲಂಗದ ಬಾಯಿ ಬುಟ್ಟಿಯ ಬಾಯಿಯಂತಾಗಿತ್ತು. ಈಗ ಮುಚ್ಚಲು, ಹೆಣೆದ ಕಡ್ಡಿಗಿಂತ ಎರಡು ನಂಬರು ದಪ್ಪನೆಯ ಕಡ್ಡಿ ಹಿಡಿಯುತ್ತೇನೆ.

ಅಂಚಿನ ತೂಕದ ವಿಷಯವನ್ನು ನನಗೆ ಕಲಿಸಿದ್ದು ಲೆಕ್ಕವಲ್ಲ, ಸಂಡೂರು. ನಾವಿಬ್ಬರೂ ಓದುತ್ತಿದ್ದಾಗ ಒಮ್ಮೆ ನನ್ನ ಜೊತೆ ಊರಿಗೆ ಬಂದಿದ್ದಾಗ ಹೋಳಿಯ ಸಮಯದಲ್ಲಿ ತಾಂಡಾದ ಹೆಂಗಸರು ವೃತ್ತವಾಗಿ ನಿಂತು ಕುಣಿದದ್ದು ನಿನಗೆ ನೆನಪಿರಬೇಕು. ಲಂಬಾಣಿ ಹೆಂಗಸರ ಲಂಗಕ್ಕೆ ಅವರು ಫೇಟಿಯಾ ಎನ್ನುತ್ತಾರೆ. ಕನ್ನಡಿ, ಕವಡೆ, ನಾಣ್ಯ, ಒತ್ತೊತ್ತಾದ ಕಸೂತಿಯಿಂದ ಅದು ಎಷ್ಟು ಭಾರವೆಂದರೆ ಕೈಯಲ್ಲಿ ಹಿಡಿದವರಿಗೆ ಇದು ಹೇಗೆ ಮೇಲೇಳುತ್ತದೆ ಎಂಬ ಅನುಮಾನ ಬರುತ್ತದೆ. ಆದರೆ ಅದು ಏಳುತ್ತದೆ, ಎದ್ದ ಮೇಲೆ ಬೇಗ ಬೀಳುವುದೂ ಇಲ್ಲ. ಕುಣಿಯುವವಳು ನಿಂತರೂ ಲಂಗ ನಿಲ್ಲದೆ ಇನ್ನರ್ಧ ಸುತ್ತು ಹೋಗಿ, ಕಾಲಿಗೆ ಸುತ್ತಿಕೊಂಡು, ಮತ್ತೆ ಬಿಚ್ಚಿಕೊಳ್ಳುತ್ತದೆ. ಆ ಬಿಚ್ಚಿಕೊಳ್ಳುವಿಕೆ ನನ್ನ ಮಕ್ಕಳ ಲಂಗಕ್ಕೂ ಬೇಕೆನಿಸಿತು. ಕವಡೆ ಕನ್ನಡಿಗಳನ್ನು ಪುಟ್ಟ ಮಕ್ಕಳ ಬಟ್ಟೆಗೆ ಹೊಲಿಯುವಂತಿಲ್ಲ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ. ಅದರ ಬದಲು ಕೊನೆಯ ಆರು ಸುತ್ತುಗಳಲ್ಲಿ ನೂಲನ್ನು ಎರಡೆಳೆಯಾಗಿ ಹಿಡಿದು ಒಂದು ಸುತ್ತು ಸೀದಾ, ಒಂದು ಸುತ್ತು ಉಲ್ಟಾ (ಕುಣಿಕೆಯ ಉಬ್ಬು ಹೊರಬದಿಗೆ ಬರುವಂತೆ) ಹೆಣೆಯುತ್ತೇನೆ. ಇದರಿಂದ ಅಂಚಿಗೆ ತೂಕ ಬರುತ್ತದೆ. ಬರೀ ಸೀದಾ ಹೆಣಿಗೆಯ ಅಂಚು ಸುರುಳಿಯಾಗಿ ಮಡಚಿಕೊಳ್ಳುವ ಗುಣವೂ ನಿಲ್ಲುತ್ತದೆ.

ಬಣ್ಣಗಳನ್ನು ಜೋಡಿಸುವುದಕ್ಕೂ ನಾನು ಸಂಡೂರಿನ ಕಡೆಗೇ ನೋಡುತ್ತೇನೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದದ್ದು, 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಆ ಕಸೂತಿಯ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾದದ್ದು ನಿನಗೆ ಗೊತ್ತೇ ಇದೆ. ಆಗ ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಕತ್ತರಿಸಿ ನೂಲಿನ ಡಬ್ಬದ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಕಡುಕೆಂಪಿನ ಪಕ್ಕ ಅರಿಶಿನ, ಅರಿಶಿನದ ಪಕ್ಕ ಗಿಳಿಹಸಿರು, ನಡುವೆ ಒಂದೆಳೆ ಬಿಳಿ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ತಿಳಿಗುಲಾಬಿ ಒಂದೇ ಬಣ್ಣವೆಂಬಂತೆ ಬಟ್ಟೆ ಕೊಳ್ಳುವವರು ಇದನ್ನೊಮ್ಮೆ ನೋಡಬೇಕು. ಆದರೂ ಕೊನೆಯ ಆಯ್ಕೆಯನ್ನು ಮಕ್ಕಳಿಗೇ ಬಿಡುತ್ತೇನೆ. ನೂಲಿನ ಉಂಡೆಗಳನ್ನು ಚಾಪೆಯ ಮೇಲೆ ಸುರಿದು, ಮೇಲಿನಿಂದ ಕೆಳಗಿನವರೆಗೆ ಯಾವ ಕ್ರಮದಲ್ಲಿ ಬೇಕೋ ಸಾಲಾಗಿ ಜೋಡಿಸಲು ಹೇಳುತ್ತೇನೆ. ಕಳೆದ ಸಲ ಚಿಕ್ಕವಳು ನವಿಲುನೀಲಿಯ ಪಕ್ಕದಲ್ಲಿ ಕನಕಾಂಬರದ ಬಣ್ಣವನ್ನಿಟ್ಟು, ಅವಳಮ್ಮ ಎಷ್ಟು ಬೇಡವೆಂದರೂ ಬದಲಿಸಲಿಲ್ಲ. ಹೆಣೆದು ಮುಗಿಸಿದಾಗ ಐದು ಲಂಗಗಳಲ್ಲಿ ಅದೇ ಅತ್ಯಂತ ಸುಂದರವಾಗಿತ್ತು.

ಸುತ್ತಾಗಿ ಹೆಣೆಯುವಾಗ ಬಣ್ಣ ಬದಲಿಸಿದಲ್ಲಿ ಪಟ್ಟೆಯ ಆರಂಭವೂ ಕೊನೆಯೂ ಕೂಡದೆ ಒಂದು ಮೆಟ್ಟಿಲು ಕಾಣಿಸಿಕೊಳ್ಳುತ್ತದೆ. ಹೊಸ ಬಣ್ಣದ ಮೊದಲ ಸುತ್ತನ್ನು ಎಂದಿನಂತೆ ಹೆಣೆದು, ಎರಡನೆಯ ಸುತ್ತಿನ ಮೊದಲ ಕುಣಿಕೆಯನ್ನು ಹೆಣೆಯದೆ ಹಾಗೆಯೇ ಬಲಗಡ್ಡಿಗೆ ದಾಟಿಸಿಬಿಡು. ಆ ಮೆಟ್ಟಿಲು ಹೆಚ್ಚುಕಡಿಮೆ ಮಾಯವಾಗುತ್ತದೆ. ಇನ್ನೊಂದು ಎಚ್ಚರಿಕೆ: ಕೆಂಪು ನೂಲನ್ನು ನಂಬಬೇಡ. ಬಿಡಿಯಾಗಿ ಕೊಂಡ ಕೆಂಪು ನೂಲೊಂದು ಮೊದಲ ಒಗೆತದಲ್ಲಿಯೇ ಬಣ್ಣ ಬಿಟ್ಟು ನನ್ನ ಬಿಳಿಯ ಪಟ್ಟೆಯನ್ನೆಲ್ಲ ಬೀಟ್‌ರೂಟ್ ಪಲ್ಯದ ಬಣ್ಣ ಮಾಡಿತು. ಒಂದು ಮೊಳ ದಾರವನ್ನು ಬಿಳಿಯ ಬಟ್ಟೆಯ ಚೂರಿನೊಡನೆ ಬೆಚ್ಚಗಿನ ಸೋಪುನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ ನೋಡಿದ ಮೇಲೆಯೇ ಉಪಯೋಗಿಸು. ಒಂದು ಬಣ್ಣಕ್ಕೆ ಬೇಕಾದಷ್ಟನ್ನೂ ಒಂದೇ ಸಲ, ಪಟ್ಟಿಯ ಮೇಲಿನ ಲಾಟ್ ನಂಬರು (ಒಂದೇ ಸಲ ಬಣ್ಣ ಹಾಕಿದ ನೂಲಿನ ಗುರುತು) ನೋಡಿ ಕೊಂಡುಬಿಡು. ಒಂದು ಲಂಗಕ್ಕೆ ಎಲ್ಲ ಬಣ್ಣವೂ ಸೇರಿ ಸುಮಾರು 200 ಗ್ರಾಂ ಹತ್ತಿ ನೂಲು ಬೇಕಾಗುತ್ತದೆ.

ಉಲ್ಲನ್ ಬೇಡವೇ ಎಂದು ಕೇಳಿದ್ದೀಯೆ. ಶಿವಮೊಗ್ಗದ ಮಳೆಗಾಲಕ್ಕೆ ಮೆರಿನೊ ಉಣ್ಣೆ ಚೆನ್ನಾಗಿಯೇ ಇರುತ್ತದೆ, ಬೆಲೆ ಮಾತ್ರ ಹೆಚ್ಚು. ನಮ್ಮ ಚಳ್ಳಕೆರೆಯ ಕಡೆಯ ಕುರಿಯ ಉಣ್ಣೆ ಕಂಬಳಿಗೆ ಬಲು ಶ್ರೇಷ್ಠವಾದರೂ ಎಳೆಯ ತೊಡೆಗೆ ಚುಚ್ಚುತ್ತದೆ. ಅಂಗಡಿಗಳಲ್ಲಿ ಉಲ್ಲನ್ ಎಂದು ಕೊಡುವುದು ಬಹುಪಾಲು ಅಕ್ರಿಲಿಕ್. ಹಗುರ, ಅಗ್ಗ, ಬಣ್ಣವೂ ಗಟ್ಟಿ. ಆದರೆ ಅದು ಬೆಂಕಿ ತಗಲಿದರೆ ಕರಗಿ ಮೈಗಂಟಿಕೊಳ್ಳುತ್ತದೆ. ಅರಳುವ ಲಂಗದ ಅಂಚು ಎಲ್ಲಿಯವರೆಗೆ ಹೋಗುತ್ತದೆಂಬ ಅಂದಾಜು ಮಗುವಿಗಿರುವುದಿಲ್ಲ, ದೀಪಾವಳಿಯಲ್ಲಿ ಹಣತೆಗಳನ್ನು ನೆಲದ ಮೇಲೆಯೇ ಇಡುತ್ತೇವೆ. ಹತ್ತಿಯೂ ಹೊತ್ತಿಕೊಳ್ಳುವಂಥದ್ದೇ. ಆದ್ದರಿಂದ ನೂಲು ಯಾವುದಾದರೂ ಇರಲಿ, ದೀಪ ಪಟಾಕಿಗಳ ಹಬ್ಬಕ್ಕೆ ಈ ಲಂಗ ತೊಡಿಸಬೇಡಿರೆಂದು ನಮ್ಮ ಹುಡುಗಿಯರ ತಾಯಂದಿರಿಗೆ ಕೈಮುಗಿದು ಹೇಳಿದ್ದೇನೆ. ನಿನ್ನ ಸೊಸೆಗೂ ಹೇಳು.

ಸೊಂಟದ ಪಟ್ಟಿ ಸುಲಭ. ನಾಲ್ಕೈದು ಸೆಂ.ಮೀ. ಹೆಣೆದು, ನಡುವೆ ಒಂದು ಸುತ್ತು ಉಲ್ಟಾ ಹಾಕಿ, ಅಲ್ಲಿಗೆ ಒಳಮಡಚಿ ಹೊಲಿದು, ಸೊಂಟಕ್ಕಿಂತ ಎರಡು ಮೂರು ಸೆಂ.ಮೀ. ಗಿಡ್ಡವಾದ ಇಲಾಸ್ಟಿಕ್ ತೂರಿಸು. ಲಾಡಿ ಬೇಡ, ಆಡುವ ಮಕ್ಕಳು ಗಂಟು ಬಿಗಿಮಾಡಿಕೊಂಡು ಅಳುತ್ತವೆ. ಹತ್ತಿಯ ಹೆಣಿಗೆ ತನ್ನ ಭಾರಕ್ಕೆ ತಾನೇ ಇಳಿಯುವುದರಿಂದ ಅಂಚು ಮುಚ್ಚುವ ಮುಂಚೆ ಕುಣಿಕೆಗಳನ್ನು ಉದ್ದನೆಯ ದಾರಕ್ಕೆ ಸೇರಿಸಿ ಒಂದು ಹಗಲು ನೇತುಹಾಕಿ, ಆಮೇಲೆ ಉದ್ದ ಅಳೆದುನೋಡು. ಒಗೆದ ಮೇಲೆ ಮಾತ್ರ ಎಂದೂ ನೇತುಹಾಕಬಾರದು. ಟವೆಲಿನ ಮೇಲೆ ವೃತ್ತವಾಗಿ ಹರಡಿ ನೆರಳಿನಲ್ಲಿ ಒಣಗಿಸಬೇಕು.

ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಆರೇಳು ಸೆಂ.ಮೀ. ಉದ್ದವಾಗುತ್ತಾರೆ, ಸೊಂಟ ಅಷ್ಟು ಬೇಗ ಬೆಳೆಯುವುದಿಲ್ಲ. ಮೇಲಿನಿಂದ ಕೆಳಕ್ಕೆ ಹೆಣೆದ ಲಂಗದ ಲಾಭ ಇದೇ: ಮುಚ್ಚಿದ ಅಂಚನ್ನು ಬಿಚ್ಚಿ, ಕುಣಿಕೆಗಳನ್ನು ಮತ್ತೆ ಕಡ್ಡಿಗೆ ಏರಿಸಿ, ಇನ್ನೊಂದು ಪಟ್ಟೆ ಸೇರಿಸಬಹುದು. ಹಿರಿಯಳ ಎರಡನೆಯ ಲಂಗಕ್ಕೆ ಹೀಗೆ ಒಂದು ವರ್ಷ ನೇರಳೆ, ಮರುವರ್ಷ ಕಿತ್ತಳೆ ಸೇರಿದೆ. ಆರು ತುಂಬಿದ ಅವಳು ಆ ಪಟ್ಟೆಗಳ ಮೇಲೆ ಬೆರಳಿಟ್ಟು, ಇದು ಯುಕೆಜಿಯದು, ಇದು ಒಂದನೇ ಕ್ಲಾಸಿನದು ಎಂದು ತಂಗಿಗೆ ತೋರಿಸುತ್ತಾಳೆ. ಹೋದ ತಿಂಗಳು ರಜೆಗೆ ಬಂದಾಗ ಇಬ್ಬರೂ ತಾರಸಿಯ ಮೇಲೆ ತಲೆ ಸುತ್ತಿ ಬೀಳುವವರೆಗೂ ತಿರುಗಿದರು. ಬಿದ್ದ ಮೇಲೆ ಚಿಕ್ಕವಳು ಮಲಗಿದಲ್ಲಿಂದಲೇ, "ಅಜ್ಜೀ, ಲಂಗ ಇನ್ನೂ ತಿರುಗ್ತಾ ಇದೆಯಾ ನೋಡು" ಎಂದಳು.

ಅವಳಿಗಳಿಬ್ಬರ ಸೊಂಟದ ಅಳತೆಯನ್ನೂ, ಸೊಂಟದಿಂದ ಮೊಣಕಾಲಿನವರೆಗಿನ ಉದ್ದವನ್ನೂ ಬೇರೆ ಬೇರೆಯಾಗಿ ತೆಗೆದು ಬರೆದು ಕಳಿಸು. ಅವಳಿಗಳೆಂದು ಒಬ್ಬಳದೇ ಅಳತೆ ತೆಗೆಯಬೇಡ. ಕುಣಿಕೆಗಳ ಲೆಕ್ಕವನ್ನು ನಾನು ಮಾಡಿ ಕಳಿಸುತ್ತೇನೆ. ನನ್ನಲ್ಲಿ ಗಿಳಿಹಸಿರಿನ ನೂಲು ಎರಡು ಉಂಡೆ ಉಳಿದಿದೆ, ಬಣ್ಣ ಬಿಡುವುದಿಲ್ಲವೆಂದು ಪರೀಕ್ಷಿಸಿಯಾಗಿದೆ. ಅದನ್ನೂ, 80 ಸೆಂ.ಮೀ. ತಂತಿಯ ಒಂದು ಜೋಡಿಕಡ್ಡಿಯನ್ನೂ ಸೋಮವಾರ ಅಂಚೆಗೆ ಹಾಕುತ್ತೇನೆ.

ನಿನ್ನವರಿಗೆ ನನ್ನ ನಮಸ್ಕಾರಗಳನ್ನು, ಮಕ್ಕಳಿಗೆ ಆಶೀರ್ವಾದಗಳನ್ನು ತಿಳಿಸು.

ಇತಿ,
ನಿನ್ನ ಪ್ರೀತಿಯ ಗೆಳತಿ